ಕಡಲಿನ ಸಾಕ್ಷ್ಯವನ್ನು ತೂಗುವ ಬಗೆ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲಿನ ನಮ್ಮ ಸಭೆಯಲ್ಲಿ ಕಡಲಿನ ವಿಚಾರವೇಕೆ ಎಂದು ತಮಗೆ ಅನಿಸಬಹುದು. ನಾನು ಕೃಷಿ ವಿಜ್ಞಾನವನ್ನು ಓದಿದವನು. ಅಡಿಕೆ, ಮೆಣಸು, ಮಣ್ಣುಗಳ ನಡುವೆ ಬದುಕುವವನು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಮುಂಗಾರು ಬರುವುದು ಅರಬ್ಬೀ ಸಮುದ್ರದ ಕಡೆಯಿಂದ. ನಮ್ಮ ಪಶ್ಚಿಮವಾಹಿನಿ ನದಿಗಳು ಹೋಗಿ ಸೇರುವುದೂ ಅಲ್ಲಿಗೇ. ಘಟ್ಟದ ಮೇಲೆ ಕೈಗೊಂಡ ತೀರ್ಮಾನಗಳ ಲೆಕ್ಕ ಅಳಿವೆಯಲ್ಲಿ ಚುಕ್ತಾ ಆಗುತ್ತದೆ. ಎರಡನೆಯದು, ನಮ್ಮ ಹಳ್ಳಿಗಳ ಭವಿಷ್ಯವನ್ನು ನಿರ್ಧರಿಸುವ ಮಾತುಗಳಲ್ಲಿ 'ತಜ್ಞರ ವರದಿಯ ಪ್ರಕಾರ' ಎಂಬುದು ಇತ್ತೀಚೆಗೆ ತೀರ ಸಾಮಾನ್ಯವಾಗಿದೆ. ಯೋಜನೆ ಬೇಕೆನ್ನುವವರ ಬಳಿಯೂ ವರದಿ ಇದೆ, ಬೇಡವೆನ್ನುವ ನಮ್ಮ ಬಳಿಯೂ ವರದಿ ಇದೆ. ಹಾಗಿರುವಾಗ ಯಾವುದನ್ನು ನಂಬಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಯನ್ನು ನಾವು ಎದುರಿಸಲೇಬೇಕಾಗಿದೆ.

ಈ ಪ್ರಶ್ನೆಗೆ ಕಡಲು ಬಹಳ ಒಳ್ಳೆಯ ಪಾಠಶಾಲೆ. ತೋಟದಲ್ಲಿ ಎಷ್ಟು ಮರಗಳಿವೆ ಎಂದು ಎಣಿಸಿ ಹೇಳಬಹುದು. ಕಡಲಿನಲ್ಲಿ ಎಷ್ಟು ಮೀನುಗಳಿವೆ ಎಂದು ಯಾರೂ ಎಣಿಸಲಾರರು. ಬಲೆಗೆ ಬಿದ್ದದ್ದನ್ನು ನೋಡಿ, ಬೀಳದೆ ಉಳಿದದ್ದನ್ನು ಊಹಿಸಬೇಕು. ಅಲ್ಲಿ ದೊರೆಯುವ ಸಾಕ್ಷ್ಯವೆಲ್ಲವೂ ಪರೋಕ್ಷವಾದದ್ದು, ಚೂರುಚೂರಾದದ್ದು. ಇಂತಹ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಇವೆಲ್ಲ ಸೇರಿ ಏನು ಹೇಳುತ್ತವೆ ಎಂದು ತಿಳಿಸುವ ಕೆಲಸವನ್ನು ನಾವು ಸಾಕ್ಷ್ಯ ಪರಿಶೀಲನೆ ಎಂದು ಕರೆಯೋಣ. ಮಂತ್ರಿಗಳಾಗಲಿ ಅಧಿಕಾರಿಗಳಾಗಲಿ ಮೂಲ ಅಧ್ಯಯನಗಳನ್ನು ಓದುವುದು ಅಪರೂಪ. ಅವರು ಓದುವುದು ಈ ಪರಿಶೀಲನೆಯನ್ನು. ಅದರಲ್ಲಿಯೂ ಬಹುಪಾಲು ಅದರ ಸಾರಾಂಶವನ್ನು.

ನನ್ನ ಇಂದಿನ ಮಾತು ಇಷ್ಟೇ: ಒಂದು ಅಧ್ಯಯನವನ್ನು ಮಾಡುವುದಕ್ಕೆ ಎಷ್ಟು ಶಿಸ್ತು ಬೇಕೋ, ಅನೇಕ ಅಧ್ಯಯನಗಳನ್ನು ಕೂಡಿಸಿ ಓದುವುದಕ್ಕೂ ಅಷ್ಟೇ ಶಿಸ್ತು ಬೇಕು. ಆ ಶಿಸ್ತು ತಜ್ಞರ ಮನಸ್ಸಿನೊಳಗೆ ಇದ್ದರೆ ಸಾಲದು. ನಮ್ಮ ನಿಮ್ಮೆಲ್ಲರ ಕಣ್ಣಿಗೆ ಕಾಣುವಂತಿರಬೇಕು.

ನ್ಯೂಫೌಂಡ್‌ಲೆಂಡಿನ ಪಾಠ

ಕೆನಡಾ ದೇಶದ ಪೂರ್ವದ ತುದಿಯಲ್ಲಿ ನ್ಯೂಫೌಂಡ್‌ಲೆಂಡ್ ಎಂಬ ದ್ವೀಪವಿದೆ. ಅಲ್ಲಿಯ ಸಮುದ್ರದಲ್ಲಿ ಕಾಡ್ ಎಂಬ ಮೀನು ಹೇರಳವಾಗಿತ್ತು. ಶತಮಾನಗಳ ಕಾಲ ಅಲ್ಲಿಯ ಹಳ್ಳಿಗಳು ಈ ಒಂದೇ ಮೀನನ್ನು ನಂಬಿ ಬದುಕಿದವು. ನಮ್ಮಲ್ಲಿ ಎಷ್ಟೋ ಊರುಗಳು ಅಡಿಕೆಯೊಂದನ್ನೇ ನಂಬಿರುವಂತೆ. 1960ರ ದಶಕದಲ್ಲಿ ದೂರದ ದೇಶಗಳ ಭಾರೀ ಟ್ರಾಲ್ ಹಡಗುಗಳು ಅಲ್ಲಿಗೆ ಬಂದವು. 1968ರಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಮೀನನ್ನು ಹಿಡಿಯಲಾಯಿತು. ಆ ಬಳಿಕ ಇಳಿಕೆ ಆರಂಭವಾಯಿತು. 1977ರಲ್ಲಿ ಕೆನಡಾ ತನ್ನ ಕಡಲ ಹಕ್ಕನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿ, ಇನ್ನು ಮುಂದೆ ವಿಜ್ಞಾನದ ಆಧಾರದ ಮೇಲೆ ಮೀನುಗಾರಿಕೆ ನಡೆಯುವುದೆಂದು ಘೋಷಿಸಿತು. ಜಗತ್ತಿನಲ್ಲಿ ಅತ್ಯಂತ ಹೆಚ್ಚು ವೈಜ್ಞಾನಿಕ ಶ್ರಮವನ್ನು ಪಡೆದ ಮೀನುಗಾರಿಕೆಗಳಲ್ಲಿ ಅದೂ ಒಂದು.

ಹಾಗಿದ್ದೂ ಅದು ಕುಸಿಯಿತು. ಏಕೆ?

ವಿಜ್ಞಾನಿಗಳ ಮುಂದೆ ಎರಡು ಬಗೆಯ ಸಾಕ್ಷ್ಯಗಳಿದ್ದವು. ಸಂಶೋಧನಾ ಹಡಗುಗಳು ಪ್ರತಿ ವರ್ಷ, ಮೊದಲೇ ನಿಗದಿಯಾದ ಕ್ರಮದಂತೆ ಸಮುದ್ರದ ಬೇರೆ ಬೇರೆ ಕಡೆ ಬಲೆ ಎಳೆದು ಪಡೆದ ಲೆಕ್ಕ ಒಂದು. ವಾಣಿಜ್ಯ ಟ್ರಾಲರ್‌ಗಳು ಒಂದು ಗಂಟೆಗೆ ಎಷ್ಟು ಮೀನು ಹಿಡಿದವು ಎಂಬ ಲೆಕ್ಕ ಇನ್ನೊಂದು. ಮೊದಲನೆಯದು ಮೀನು ಕಡಿಮೆ ಇದೆ ಎಂದು ತೋರಿಸುತ್ತಿತ್ತು. ಎರಡನೆಯದು ಚೆನ್ನಾಗಿಯೇ ಇದೆ ಎನ್ನುತ್ತಿತ್ತು. ಯಾವುದು ಸರಿ ಎಂದು ಖಚಿತವಾಗದಾಗ ಎರಡರ ನಡುವಿನ ಸರಾಸರಿಯನ್ನು ಹಿಡಿಯಲಾಯಿತು. ಮೇಲ್ನೋಟಕ್ಕೆ ಇದು ನ್ಯಾಯವೆಂದೇ ತೋರುತ್ತದೆ.

ಆದರೆ ನಮ್ಮ ಕೆರೆಗಳ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಉಳಿದ ಗುಂಡಿಯಲ್ಲಿ ಮೀನು ದಟ್ಟವಾಗಿ ಸಿಗುತ್ತದೆ. ಬುಟ್ಟಿ ತುಂಬಿತೆಂದು ಕೆರೆಯಲ್ಲಿ ಮೀನು ಹೆಚ್ಚಿದೆ ಎನ್ನಲಾದೀತೆ? ಕಾಡ್ ಮೀನೂ ಹಾಗೆಯೇ. ಸಂಖ್ಯೆ ಕುಗ್ಗಿದಂತೆ ಉಳಿದವು ಒಂದೆಡೆ ಗುಂಪುಗೂಡಿದವು. ಹಡಗುಗಳ ಬಳಿ ಮೀನಿನ ಗುಂಪನ್ನು ಪತ್ತೆಹಚ್ಚುವ ಯಂತ್ರಗಳಿದ್ದವು. ಆದಕಾರಣ ಮೀನು ಮುಗಿಯುತ್ತ ಬಂದರೂ ಗಂಟೆಯ ಲೆಕ್ಕ ಇಳಿಯಲಿಲ್ಲ. ಒಂದು ಅಳತೆಗೋಲು ನೇರವಾಗಿದ್ದು ಇನ್ನೊಂದು ಸೊಟ್ಟಗಿದ್ದಾಗ ಎರಡರ ಸರಾಸರಿಯಿಂದ ಸತ್ಯ ದೊರೆಯದು. ಅರ್ಧ ಸೊಟ್ಟಗಿನ ಇನ್ನೊಂದು ಕೋಲು ದೊರೆಯುತ್ತದೆ, ಅಷ್ಟೆ.

ಮೂರನೆಯ ಸಾಕ್ಷ್ಯವೂ ಒಂದಿತ್ತು. ದಡದ ಸಮೀಪ ಸಣ್ಣ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದವರು, ತಮ್ಮ ಪಾಲು ಕಡಿಮೆಯಾಗುತ್ತಿದೆ, ಮೀನಿನ ಗಾತ್ರ ಕುಗ್ಗುತ್ತಿದೆ ಎಂದು 1980ರ ದಶಕದ ನಡುವಿನಿಂದಲೇ ಕೂಗಿ ಹೇಳುತ್ತಿದ್ದರು. 1986ರಲ್ಲಿ ಅವರ ಸಂಘವೇ ಜೀವವಿಜ್ಞಾನಿಗಳನ್ನು ಹಿಡಿದು ಸರಕಾರಿ ಲೆಕ್ಕಾಚಾರದ ಸ್ವತಂತ್ರ ಪರಿಶೀಲನೆ ಮಾಡಿಸಿತು. ಅಧಿಕೃತ ಲೆಕ್ಕಾಚಾರದಲ್ಲಿ ಅವರ ಮಾತಿಗೆ ತಕ್ಕ ಸ್ಥಾನ ದೊರೆಯಲಿಲ್ಲ. ಅದು ಅಂಕಿಅಂಶವಲ್ಲ, ಬರಿಯ ಅನುಭವ ಎಂದು ಪರಿಗಣಿಸಲಾಯಿತು.

1989ರ ಹೊತ್ತಿಗೆ ಹೊಸ ಲೆಕ್ಕ ಬಂದಿತು. ಹಿಂದಿನ ಅಂದಾಜುಗಳು ವಾಸ್ತವಕ್ಕಿಂತ ಬಹಳ ಮೇಲಿದ್ದವೆಂದು ತಿಳಿಯಿತು. ಆ ವರ್ಷದ ಮಿತಿಯನ್ನು 1,25,000 ಟನ್ನಿಗೆ ಇಳಿಸಬೇಕೆಂದು ಲೆಕ್ಕ ಸೂಚಿಸಿದರೆ, ನಿಗದಿಯಾದದ್ದು 2,35,000 ಟನ್. ಉದ್ಯೋಗಗಳು ಹೋಗುತ್ತವೆ ಎಂಬುದು ಕೊಟ್ಟ ಕಾರಣ. 1992ರ ಜುಲೈ 2ರಂದು ಮೀನುಗಾರಿಕಾ ಮಂತ್ರಿ ಜಾನ್ ಕ್ರಾಸ್ಬಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇಳಿದ ಆ ನಿಷೇಧ ಅಧಿಕೃತವಾಗಿ ತೆರವಾದದ್ದು 2024ರಲ್ಲಿ. ಅದೂ 18,000 ಟನ್ನಿನ ಮಿತಿಯೊಂದಿಗೆ. ನೀರು ತಣ್ಣಗಾದದ್ದೂ ಒಂದು ಕಾರಣವೆಂಬ ವಾದವುಂಟು. ಆದರೆ ಅತಿಯಾಗಿ ಹಿಡಿದದ್ದೇ ಮುಖ್ಯ ಕಾರಣವೆಂಬುದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ.

ಇಲ್ಲಿ ಅಧ್ಯಯನಗಳ ಕೊರತೆಯಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೊರತೆಯಿದ್ದದ್ದು ಅವನ್ನು ತೂಗುವ ಕ್ರಮದಲ್ಲಿ. ಯಾವ ಸಾಕ್ಷ್ಯಕ್ಕೆ ಎಷ್ಟು ಬೆಲೆ ಎಂಬುದನ್ನು ಮೊದಲೇ ನಿರ್ಧರಿಸಿರಲಿಲ್ಲ. ಅನುಮಾನದ ಮಾತುಗಳು ಕಡತ ಮೇಲೇರಿದಂತೆ ತೆಳುವಾಗುತ್ತ ಹೋದವು. ಕೆನಡಾದ ಮೂವರು ವಿಜ್ಞಾನಿಗಳು 1997ರಲ್ಲಿ ಇದನ್ನೇ ಎತ್ತಿಕೊಂಡು, ಸರಕಾರ ಮಾಹಿತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದೂ ವೈಜ್ಞಾನಿಕ ಶೋಧವೂ ಒಟ್ಟಿಗೆ ಬಾಳಬಲ್ಲವೆ ಎಂದು ಬಹಿರಂಗವಾಗಿ ಪ್ರಶ್ನಿಸಿದರು.

ನಮಗೆ ಪ್ರಿಯವಾದ ಸಾಕ್ಷ್ಯವನ್ನೂ ತೂಗಬೇಕು

ಇದು ಸರಕಾರದ ಅಥವಾ ಉದ್ಯಮದ ಕಡೆಯ ತಪ್ಪು ಮಾತ್ರ ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪರಿಸರದ ಪರವಾಗಿರುವವರಿಗೂ ಇದೇ ಪರೀಕ್ಷೆ ಎದುರಾಗುತ್ತದೆ. ಅದಕ್ಕೊಂದು ನಿದರ್ಶನ ನೋಡೋಣ.

ನಾವು ಸುಡುವ ಕಲ್ಲಿದ್ದಲು, ಪೆಟ್ರೋಲುಗಳಿಂದ ಹೊರಬಂದ ಇಂಗಾಲದ ಡೈಆಕ್ಸೈಡಿನ ಒಂದು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಇದರಿಂದ ಕಡಲ ನೀರಿನ ಆಮ್ಲೀಯತೆ ಹೆಚ್ಚುತ್ತಿದೆ. ಕೈಗಾರಿಕಾ ಯುಗದ ಆರಂಭದಿಂದ ಈಚೆಗೆ ಮೇಲ್ಪದರದ ನೀರಿನ ರಸಸಾರ ಸುಮಾರು 0.1ರಷ್ಟು ಇಳಿದಿದೆ. ಇದರ ಬಗ್ಗೆ ಸಂದೇಹವಿಲ್ಲ. ಚಿಪ್ಪು ಕಟ್ಟುವ ಜೀವಿಗಳಿಗೂ ಹವಳಕ್ಕೂ ಇದು ಅಪಾಯಕರ ಎಂಬುದಕ್ಕೂ ಗಟ್ಟಿಯಾದ ಆಧಾರಗಳಿವೆ.

2009ರಿಂದ ಮುಂದೆ ಇನ್ನೂ ಬೆರಗಿನ ಸಂಗತಿಯೊಂದು ಪ್ರಕಟವಾಗತೊಡಗಿತು. ಆಮ್ಲೀಯತೆ ಹೆಚ್ಚಿದ ನೀರಿನಲ್ಲಿ ಹವಳದ ದಿಬ್ಬಗಳ ಮೀನಿನ ಮರಿಗಳು ವಾಸನೆಯ ವಿವೇಚನೆಯನ್ನೇ ಕಳೆದುಕೊಂಡು, ತಮ್ಮನ್ನು ತಿನ್ನುವ ಮೀನಿನ ಕಡೆಗೇ ಈಜುತ್ತವೆ ಎಂಬುದು ಅದರ ಸಾರ. ಹೆಸರಾಂತ ಪತ್ರಿಕೆಗಳಲ್ಲಿ ಪ್ರಬಂಧಗಳು ಬಂದವು. ವಿಮರ್ಶಾ ಲೇಖನಗಳು ಅವನ್ನು ಉದ್ಧರಿಸಿದವು. ಉದ್ಧರಿಸಿದ ಲೇಖನಗಳನ್ನು ಇನ್ನಷ್ಟು ಲೇಖನಗಳು ಉದ್ಧರಿಸಿದವು.

2020ರಲ್ಲಿ ಬೇರೊಂದು ತಂಡ ತನ್ನ ಫಲಿತಾಂಶವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಮೂರು ವರ್ಷಗಳ ಅವಧಿಯಲ್ಲಿ, ಆರು ಜಾತಿಗಳ 900ಕ್ಕೂ ಹೆಚ್ಚು ಮೀನುಗಳ ಮೇಲೆ ಪ್ರಯೋಗ ನಡೆಸಿ, ಇಂತಹ ವರ್ತನೆಯ ಬದಲಾವಣೆ ನಗಣ್ಯ ಎಂದು ಅದು ಹೇಳಿತು. 2022ರಲ್ಲಿ ಈ ವಿಷಯದ 91 ಅಧ್ಯಯನಗಳನ್ನು ಒಟ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡ ಒಂದು ವಿಶ್ಲೇಷಣೆ ಬಂದಿತು. ಮೊದಲೆರಡು ವರ್ಷಗಳ ಅಧ್ಯಯನಗಳಲ್ಲಿ ಪರಿಣಾಮದ ಸರಾಸರಿ ಅಳತೆ 5ಕ್ಕೂ ಮೇಲಿತ್ತು; 2015ರ ನಂತರದವುಗಳಲ್ಲಿ ಅದು 0.5ಕ್ಕಿಂತ ಕೆಳಗಿತ್ತು. ಬಹು ದೊಡ್ಡ ಪರಿಣಾಮವನ್ನು ತೋರಿಸಿದವು ಸಾಮಾನ್ಯವಾಗಿ ಕಡಿಮೆ ಸಂಖ್ಯೆಯ ಮೀನುಗಳನ್ನು ಬಳಸಿದ ಅಧ್ಯಯನಗಳು. ಪ್ರತಿಷ್ಠಿತ ಪತ್ರಿಕೆಗಳಲ್ಲಿ ಕಾಣಿಸಿಕೊಂಡವೂ, ಹೆಚ್ಚು ಉದ್ಧೃತವಾದವೂ ಅವೇ.

ಇದರಿಂದ ಸಮುದ್ರಕ್ಕೆ ಅಪಾಯವಿಲ್ಲ ಎಂದು ಸಿದ್ಧವಾಗುವುದಿಲ್ಲ. ಬೆರಗು ಹುಟ್ಟಿಸುವ ಫಲಿತಾಂಶ ಬೇಗ ಅಚ್ಚಾಗುತ್ತದೆ, 'ಏನೂ ಆಗಲಿಲ್ಲ' ಎಂಬ ಫಲಿತಾಂಶ ಮೇಜಿನ ಖಾನೆಯಲ್ಲಿ ಉಳಿಯುತ್ತದೆ ಎಂಬುದು ಇಲ್ಲಿಯ ನೀತಿ. ಅಚ್ಚಾದವನ್ನು ಮಾತ್ರ ಓದಿ ಬರೆದ ಪರಿಶೀಲನೆ, ಗೆದ್ದ ವ್ಯಾಜ್ಯಗಳನ್ನಷ್ಟೇ ಹೇಳುವ ವಕೀಲರ ಮಾತಿನಂತೆ. ನಮ್ಮ ವಾದಕ್ಕೆ ಅನುಕೂಲವೆಂದು ದುರ್ಬಲ ಸಾಕ್ಷ್ಯವನ್ನು ನಾವು ಎತ್ತಿ ಹಿಡಿದರೆ, ಅದು ಮುರಿದು ಬಿದ್ದ ದಿನ ನಮ್ಮ ಗಟ್ಟಿ ಸಾಕ್ಷ್ಯವನ್ನೂ ಜನ ನಂಬುವುದಿಲ್ಲ.

ಕ್ರಮಬದ್ಧ ಪರಿಶೀಲನೆ ಎಂದರೇನು?

ಈ ರೋಗಕ್ಕೆ ಮದ್ದನ್ನು ಮೊದಲು ಹುಡುಕಿದ್ದು ವೈದ್ಯಕೀಯ ಕ್ಷೇತ್ರ. ಯಾವ ಚಿಕಿತ್ಸೆ ನಿಜವಾಗಿ ಫಲ ನೀಡುತ್ತದೆ ಎಂಬುದನ್ನು ಎಲ್ಲ ಪ್ರಯೋಗಗಳನ್ನೂ ಕೂಡಿಸಿ ನೋಡಬೇಕೆಂದು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1970ರ ದಶಕದಲ್ಲಿ ಒತ್ತಾಯಿಸಿದರು. ಅವರ ಹೆಸರಿನ ಸಂಸ್ಥೆ 1993ರಲ್ಲಿ ಹುಟ್ಟಿತು. ಅದೇ ಮಾದರಿ ಈ ಶತಮಾನದ ಮೊದಲ ದಶಕದಲ್ಲಿ ಪರಿಸರ ವಿಜ್ಞಾನಕ್ಕೂ ಬಂದಿತು.

ಕ್ರಮ ಹೀಗಿದೆ. ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆಯಬೇಕು. ಎಲ್ಲೆಲ್ಲಿ ಹುಡುಕುತ್ತೇವೆ, ಎಂತಹ ಅಧ್ಯಯನವನ್ನು ಒಳಗೆ ಸೇರಿಸುತ್ತೇವೆ, ಎಂತಹುದನ್ನು ಬಿಡುತ್ತೇವೆ ಎಂಬುದನ್ನು ಹುಡುಕಾಟಕ್ಕೆ ಮೊದಲೇ ಪ್ರಕಟಿಸಬೇಕು. ಅಚ್ಚಾದ ಪ್ರಬಂಧಗಳ ಜೊತೆಗೆ ಇಲಾಖೆಗಳ ಕಪಾಟಿನಲ್ಲಿರುವ ವರದಿಗಳನ್ನೂ, ಇಂಗ್ಲಿಷೇತರ ಭಾಷೆಗಳ ಬರಹಗಳನ್ನೂ ಹುಡುಕಬೇಕು. ಆಯ್ಕೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು. ಒಂದೊಂದು ಅಧ್ಯಯನದ ಗುಣಮಟ್ಟವನ್ನೂ ತೂಗಬೇಕು. ಬಿಟ್ಟವುಗಳ ಪಟ್ಟಿಯನ್ನೂ ಬಿಟ್ಟ ಕಾರಣವನ್ನೂ ಕೊಡಬೇಕು. ಹಣ ಯಾರದೆಂದು ಹೇಳಬೇಕು.

ಸಮುದ್ರ ವಿಜ್ಞಾನದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಟ್ರಾಲ್ ಬಲೆ ಸಮುದ್ರದ ತಳವನ್ನು ಎಷ್ಟು ಹಾಳುಮಾಡುತ್ತದೆ ಎಂಬುದು ದಶಕಗಳ ಜಗಳ. ಪರಿಶೀಲನೆಯ ವಿಧಾನವನ್ನು 2014ರಲ್ಲಿ ಮೊದಲು ಪ್ರಕಟಿಸಿ, ಬಳಿಕ ಜಗತ್ತಿನ ಅಧ್ಯಯನಗಳನ್ನು ಕೂಡಿಸಿದ ತಂಡವೊಂದು 2017ರಲ್ಲಿ ಫಲಿತಾಂಶ ನೀಡಿತು. ಸಾಮಾನ್ಯ ಆಟರ್ ಟ್ರಾಲ್ ಒಮ್ಮೆ ಹಾಯ್ದರೆ ತಳದ ಜೀವಿಗಳಲ್ಲಿ ಶೇ. 6ರಷ್ಟನ್ನು ತೆಗೆಯುತ್ತದೆ, ಸುಮಾರು 2.4 ಸೆಂ.ಮೀ. ಆಳಕ್ಕೆ ಇಳಿಯುತ್ತದೆ. ನೀರಿನ ಒತ್ತಡದಿಂದ ತಳವನ್ನು ಅಗೆಯುವ ಡ್ರೆಜ್ ಶೇ. 41ರಷ್ಟನ್ನು ತೆಗೆಯುತ್ತದೆ, 16.1 ಸೆಂ.ಮೀ. ಇಳಿಯುತ್ತದೆ. ತಳ ಚೇತರಿಸಿಕೊಳ್ಳಲು 1.9ರಿಂದ 6.4 ವರ್ಷ ಬೇಕು. ಟ್ರಾಲ್ ಬಲೆಯಿಂದ ಹಾನಿಯಿಲ್ಲ ಎನ್ನುವವರಿಗೂ, ಎಲ್ಲ ಟ್ರಾಲ್ ಬಲೆಗಳೂ ಒಂದೇ ಎನ್ನುವವರಿಗೂ ಇದು ಏಕಕಾಲಕ್ಕೆ ಉತ್ತರ. ಯಾವ ಸಾಧನ, ಎಷ್ಟು ಸಲ, ಎಂತಹ ತಳ ಎಂದು ಕೇಳುವ ಹಂತಕ್ಕೆ ಚರ್ಚೆ ಬಂದಿತು. ಆದರೆ ಅದರಲ್ಲಿ ಸೇರಿದ ಅಧ್ಯಯನಗಳಲ್ಲಿ ಹೆಚ್ಚಿನವು ತಂಪು ಸಮುದ್ರಗಳವು. ನಮ್ಮ ಅರಬ್ಬೀ ಸಮುದ್ರಕ್ಕೆ ಅದೇ ಅಂಕಿಗಳನ್ನು ಹಾಗೆಯೇ ಎತ್ತಿ ಹಚ್ಚುವಂತಿಲ್ಲ.

ಹೋಲಿಕೆಯಿಲ್ಲದೆ ತೀರ್ಮಾನವಿಲ್ಲ

ಗುಣಮಟ್ಟವನ್ನು ತೂಗುವುದು ಹೇಗೆ? ಇದು ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಪರಿಚಯಿಸಿ ಶತಮಾನ ದಾಟಿತು. ಈಗ ಯಾರೋ ಹೊಸ ಔಷಧಿಯೊಂದನ್ನು ತಂದು, 'ಕಳೆದ ವರ್ಷ ಹೊಡೆದೆವು, ಕೊಳೆ ಬರಲಿಲ್ಲ' ಎಂದರೆ ನೀವು ಮೊದಲು ಏನು ಕೇಳುತ್ತೀರಿ? 'ಕಳೆದ ವರ್ಷ ಆಷಾಢದ ಮಳೆ ಎಷ್ಟಿತ್ತು? ಪಕ್ಕದ, ಹೊಡೆಯದ ತೋಟಕ್ಕೆ ಕೊಳೆ ಬಂದಿತ್ತೆ?' ಎಂದೇ ಅಲ್ಲವೆ? ಮೊದಲು ಮತ್ತು ನಂತರ, ಮಾಡಿದ ಕಡೆ ಮತ್ತು ಮಾಡದ ಕಡೆ, ಈ ನಾಲ್ಕನ್ನೂ ಒಟ್ಟಿಗೆ ನೋಡಿದ ಅಧ್ಯಯನಕ್ಕೆ ಹೆಚ್ಚು ತೂಕ. ಒಂದನ್ನಷ್ಟೇ ನೋಡಿದ್ದಕ್ಕೆ ಕಡಿಮೆ ತೂಕ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನಿಷೇಧ ಮುಗಿದ ಬಳಿಕ ಬಲೆ ತುಂಬಿದರೆ ಅದು ನಿಷೇಧದ ಫಲವೆ, ಅಥವಾ ಮುಂಗಾರಿನಲ್ಲಿ ಆಳದ ಸತ್ವಯುತ ನೀರು ಮೇಲೇರಿ ಮೀನಿಗೆ ಮೇವು ಒದಗಿದ್ದರ ಫಲವೆ? ಇಡೀ ಕರಾವಳಿ ಒಟ್ಟಿಗೆ ಮುಚ್ಚುವುದರಿಂದ ಹೋಲಿಸಲು ಪಕ್ಕದ ತೋಟವಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಬಲೆ ಎತ್ತಿಡುವುದು ವಿವೇಕವೇ. ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಫಲವೆಷ್ಟು ಎಂದು ಹೇಳುವ ವರದಿ ಈ ತೊಡಕನ್ನು ಒಪ್ಪಿಕೊಂಡಿದೆಯೇ ಎಂದು ನೋಡಬೇಕು ಎನ್ನುತ್ತಿದ್ದೇನೆ.

ಇನ್ನು ನಮ್ಮದೇ ನದಿಗಳು. ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟಿದೆ. ಅಘನಾಶಿನಿಗೆ ಅಂತಹ ದೊಡ್ಡ ಅಣೆಕಟ್ಟಿಲ್ಲ. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಶರಾವತಿ ಅಳಿವೆಯ ಉಪ್ಪಿನಂಶ ಕುಗ್ಗಿದ್ದನ್ನೂ, ಅಘನಾಶಿನಿಯಲ್ಲಿ ಸಮೃದ್ಧವಾಗಿರುವ ಬಳಚು ಅಲ್ಲಿ ಕ್ಷೀಣಿಸಿದ್ದನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಗುರುತಿಸಿವೆ. 'ನದಿಯ ನೀರು ಸಮುದ್ರಕ್ಕೆ ವ್ಯರ್ಥ' ಎನ್ನುವ ಮಾತಿಗೆ ಇದು ಉತ್ತರ. ಸಿಹಿನೀರು ಯಾವ ತಿಂಗಳಲ್ಲಿ, ಎಷ್ಟು ಇಳಿಯಬೇಕೆಂಬುದಕ್ಕೆ ಅಳಿವೆಯಲ್ಲಿ ಒಂದು ಲೆಕ್ಕವಿದೆ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಆದರೂ ಇದು ಎರಡೇ ಅಳಿವೆಗಳ ಹೋಲಿಕೆ. ಅಣೆಕಟ್ಟಿಗೆ ಮುಂಚಿನ ಅಳತೆಗಳೂ, ಬೇರೆ ನದಿಗಳ ಅಳತೆಗಳೂ ಕೂಡಿದಷ್ಟೂ ನಮ್ಮ ವಾದಕ್ಕೆ ಬಲ ಬರುತ್ತದೆ.

ಜನರ ಅರಿವಿಗೆ ಸ್ಥಾನ

ಹಾಗಾದರೆ ಓದಿಲ್ಲದವರ ಅನುಭವಕ್ಕೆ ಬೆಲೆಯಿಲ್ಲವೆ ಎಂದು ಯಾರಾದರೂ ಕೇಳಬಹುದು. ನ್ಯೂಫೌಂಡ್‌ಲೆಂಡಿನ ಸಣ್ಣ ದೋಣಿಯವರೇ ಇದಕ್ಕೆ ಉತ್ತರ. ಅವರ ಅರಿವು ಸಾಕ್ಷ್ಯವಾಗಿತ್ತು. ಅದನ್ನು ಸಾಕ್ಷ್ಯವೆಂದು ಸ್ವೀಕರಿಸುವ ವ್ಯವಸ್ಥೆ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಕೃಷಿಕರ ಮನೆಗಳಲ್ಲಿ ಮಳೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟ ಡೈರಿಗಳಿವೆ. ದಿನಾಂಕ, ಸ್ಥಳ, ಅಳತೆಗಳೊಡನೆ ಬರೆದಿಟ್ಟ ಮಾತನ್ನು ಯಾವ ಸಮಿತಿಯೂ 'ಬರಿಯ ಅನುಭವ' ಎಂದು ಸುಲಭವಾಗಿ ತಳ್ಳಿಹಾಕಲಾರದು. ವಿದ್ಯಾರ್ಥಿಗಳು ಈ ಡೈರಿಗಳನ್ನು ಪ್ರತಿ ಮಾಡಿ ಒಂದೆಡೆ ಸೇರಿಸಬೇಕು. ಹಳ್ಳದಲ್ಲಿ ನೀರು ನಿಂತ ದಿನ, ಮೀನು ಏರಿದ ದಿನ, ಹೂ ಬಿಟ್ಟ ದಿನ ಎಲ್ಲವನ್ನೂ ಬರೆಯಬೇಕು. ನಮಗೆ ಅನುಕೂಲವಲ್ಲದ ವರ್ಷವನ್ನೂ ಬಿಡದೆ ಬರೆಯಬೇಕು.

ಇನ್ನೊಂದು ಆಕ್ಷೇಪವಿದೆ. ಇಷ್ಟೆಲ್ಲ ಕ್ರಮಕ್ಕೆ ಕಾಯುತ್ತ ಕುಳಿತರೆ ಅಷ್ಟರಲ್ಲಿ ಕಾಡು ಹೋಗಿರುತ್ತದೆ, ಮೀನು ಮುಗಿದಿರುತ್ತದೆ ಎಂಬುದು. ಇದು ನ್ಯಾಯವಾದ ಆತಂಕ. ಸಾಕ್ಷ್ಯ ಸಾಲದು ಎಂಬ ನೆಪದಲ್ಲಿ ಹಾನಿಯನ್ನು ಮುಂದುವರಿಸಲು ಬಿಡಬಾರದು. ಹಿಂದಿರುಗಿ ಪಡೆಯಲಾಗದ ನಷ್ಟದ ಮುಂದೆ ಎಚ್ಚರಿಕೆಯೇ ಧರ್ಮ. ಕಾಲ ಕಡಿಮೆಯಿದ್ದರೆ ಪರಿಶೀಲನೆಯನ್ನು ಚಿಕ್ಕದಾಗಿ ಮಾಡಬಹುದು; ಆದರೆ ಏನನ್ನು ನೋಡಲಾಗಲಿಲ್ಲ ಎಂಬುದನ್ನು ಅದರಲ್ಲಿಯೇ ಬರೆಯಬೇಕು. 1989ರಲ್ಲಿ ಕೆನಡಾದ ಆಡಳಿತ ಕಾದದ್ದು ಸಾಕ್ಷ್ಯಕ್ಕಾಗಿ ಅಲ್ಲ. ಸಾಕ್ಷ್ಯ ಎದುರಿಗೇ ಇತ್ತು.

ಕೊನೆಯದಾಗಿ, ನಾಳೆ ನಿಮ್ಮ ಗ್ರಾಮಸಭೆಯ ಮುಂದೆ ಯಾರೇ ವರದಿಯೊಂದನ್ನು ಇಟ್ಟರೂ ಈ ಐದು ಪ್ರಶ್ನೆಗಳನ್ನು ಕೇಳಿ. ಒಂದು, ಪ್ರಶ್ನೆಯನ್ನೂ ವಿಧಾನವನ್ನೂ ಮೊದಲೇ ಬರೆದಿಟ್ಟಿದ್ದಿರಾ? ಎರಡು, ನಿಮ್ಮ ಮಾತಿಗೆ ವಿರುದ್ಧವಾದ ಅಧ್ಯಯನಗಳು ಯಾವುವು, ಅವನ್ನೇಕೆ ಬಿಟ್ಟಿರಿ? ಮೂರು, ಯಾವುದರೊಡನೆ ಹೋಲಿಸಿ ಈ ತೀರ್ಮಾನಕ್ಕೆ ಬಂದಿರಿ? ನಾಲ್ಕು, ಇಲ್ಲಿಯ ಜನರ ಬರಹ, ಅಳತೆಗಳನ್ನು ನೋಡಿದ್ದೀರಾ? ಐದು, ಖರ್ಚು ಯಾರದು? ಈ ಪ್ರಶ್ನೆಗಳನ್ನು ಕೇಳಲು ಪದವಿ ಬೇಕಿಲ್ಲ. ನಮ್ಮ ಬಳಗ ಹೊರತರುವ ವರದಿಗಳಿಗೂ ಇವೇ ಐದು ಪ್ರಶ್ನೆಗಳು ಅನ್ವಯಿಸಲಿ. ಅವಕ್ಕೆ ಉತ್ತರ ಕೊಡಬಲ್ಲೆವಾದರೆ, ಎದುರಿನವರಿಂದ ಉತ್ತರ ಕೇಳುವ ಹಕ್ಕು ನಮಗೆ ತಾನಾಗಿ ಬರುತ್ತದೆ.